ಮ್ಯಾಲ ಹಾರೋ ಹೀಲಿಯಂ ಶನಿಯಾಗ ಮಳಿ ಆಗಿ ಬೀಳೋದು ಹೆಂಗ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕ್ಯಾಗ ಗುರು ಗ್ರಹದ ಬಗ್ಗೆ ಬರಿಯೂಮುಂದ ಒಂದು ಸಾಲು ಸುಮ್ಮನ ಬರದಿದ್ದೆ, ಅದರ ಹೊಟ್ಟಿಯೊಳಗ ಹೀಲಿಯಂ ಮಳಿ ಬೀಳ್ತಿರಬಹುದು ಅಂತ. ಆ ಒಂದು ಸಾಲು ಹಿಡಕೊಂಡು ಇಷ್ಟು ಮಂದಿ ಪ್ರಶ್ನೆ ಕಳಿಸ್ಯಾರ ಅಂದ್ರ, ಈ ಸಲ ಬ್ಯಾರೆ ವಿಷಯ ಎಲ್ಲಾ ಬದಿಗಿಟ್ಟು ಪೂರಾ ಕಾಲಂ ಹೀಲಿಯಂಗೇ ಕೊಟ್ಟೀನಿ.

ವಿಜಯಪುರದಿಂದ ಪಿಯುಸಿ ಓದೋ ಹುಡುಗಿ ಕೇಳ್ಯಾಳ: ಸರ್, ಸಿದ್ಧೇಶ್ವರ ಜಾತ್ರ್ಯಾಗ ನನ್ನ ತಮ್ಮನ ಕೈಯಾಗಿಂದ ಗ್ಯಾಸಿನ ಪುಗ್ಗಾ ಜಾರಿ ಮ್ಯಾಲ ಹೋತು, ನೋಡ್ತಾ ನೋಡ್ತಾ ಕಾಣಲಾರದಂಗ ಆತು. ಹೀಲಿಯಂ ಅಷ್ಟು ಹಗುರ ಇರೂಮುಂದ ಅದು ಹನಿ ಆಗಿ ಕೆಳಗ ಬೀಳ್ತೈತಿ ಅಂದ್ರ ಹೆಂಗ್ರಿ? ನಮ್ಮ ಕ್ಲಾಸಿನ್ಯಾಗ ಯಾರೂ ನಂಬವಲ್ಲರು.

ಉತ್ತರ: ನೋಡವಾ ತಂಗಿ, ಪುಗ್ಗಾ ಮ್ಯಾಲ ಹೋಗೋದು ಹೀಲಿಯಂ ಹಗುರ ಐತಿ ಅಂತಷ್ಟೇ ಅಲ್ಲ, ಸುತ್ತಲಿನ ಗಾಳಿ ಅದಕ್ಕಿಂತ ಭಾರ ಐತಿ ಅಂತ. ಹೀಲಿಯಂ ತೂಕ 4 ಅಂತ ಹಿಡದ್ರ ನಮ್ಮ ಗಾಳಿದು ಸರಾಸರಿ 29. ಆದ್ರ ಗುರು, ಶನಿಯಾಗ ನಮ್ಮಂಥಾ ಗಾಳಿ ಇಲ್ಲ, ಅಲ್ಲಿ ಸುತ್ತಲೂ ಇರೋದು ಹೈಡ್ರೋಜನ್, ಅದರ ತೂಕ ಬರೇ 2. ನಿನ್ನ ತಮ್ಮನ ಪುಗ್ಗಾ ಒಯ್ದು ಗುರು ಗ್ರಹದಾಗ ಬಿಟ್ರ ಅದು ಕಲ್ಲು ಬಿದ್ದಂಗ ಕೆಳಗ ಹೋಗ್ತೈತಿ. (ಇಲ್ಲೇ ಒಂದು ಮಾತು ಹೇಳಿಬಿಡ್ತೀನಿ, ಹೀಲಿಯಂ ತುಟ್ಟಿ ಅಂತ ಕೆಲವರು ಪುಗ್ಗಾದಾಗ ಹೈಡ್ರೋಜನ್ ತುಂಬ್ತಾರ, ಅದು ಭಗ್ ಅಂತ ಉರಿಯೋ ಗ್ಯಾಸು, ಸಣ್ಣ ಹುಡುಗರ ಕೈಯಾಗ ಇದ್ದಾಗ ಬೀಡಿ, ದೀಪ, ಊದಿನಕಡ್ಡಿ ಯಾವುದೂ ಹತ್ರ ಬರಬಾರದು.)

ಆದ್ರ ಭಾರ ಇದ್ದ ಮಾತ್ರಕ್ಕ ಮಳಿ ಆಗಂಗಿಲ್ಲ. ನಮ್ಮ ಗಾಳಿಯಾಗೂ ಆಕ್ಸಿಜನ್ ನೈಟ್ರೋಜನ್ನಿಗಿಂತ ಭಾರ, ಹಂಗಂತ ಅದು ಬ್ಯಾರೆ ಆಗಿ ಕೆಳಗ ಕುಂದರಂಗಿಲ್ಲ, ಎರಡೂ ಕೂಡಿ ಬೆರತು ಇರ್ತಾವ. ಗುರು ಗ್ರಹದ ಮ್ಯಾಲಿನ ಭಾಗದಾಗೂ ಹೈಡ್ರೋಜನ್ ಹೀಲಿಯಂ ಹಂಗೇ ಬೆರತಾವ. ಬ್ಯಾರೆ ಆಗಾಕ ಏನೋ ಒಂದು ಕಾರಣ ಬೇಕು. ಆ ಕಾರಣ ಒತ್ತಡ.

ಮನಿಯಾಗಿನ ಕುಕ್ಕರ್ ಸೀಟಿ ಹೊಡಿಯೂಮುಂದ ಒಳಗಿನ ಒತ್ತಡ ನಮ್ಮ ಗಾಳಿ ಒತ್ತಡದ ಎರಡು ಪಟ್ಟು ಆಸುಪಾಸು ಇರ್ತೈತಿ, ಅಷ್ಟಕ್ಕೇ ನೀರು 120 ಡಿಗ್ರಿ ತನಕ ಕುದೀಲಾರದಂಗ ತಡೀತೈತಿ, ಬ್ಯಾಳಿ ಲಗೂ ಬೇಯ್ತಾವ. ಸಮುದ್ರದ ಭಾಳ ಆಳದ ಜಾಗಾ ಮರಿಯಾನಾ ಕಂದಕದಾಗ ಸುಮಾರು 1,100 ಪಟ್ಟು. ಭೂಮಿಯ ನಟ್ಟ ನಡುವ ಸುಮಾರು 36 ಲಕ್ಷ ಪಟ್ಟು. ಗುರು ಗ್ರಹದ ನಡುವ 4 ಕೋಟಿ ಪಟ್ಟಿಗಿಂತ ಕಡಿಮಿ ಇಲ್ಲ ಅಂತ ಲೆಕ್ಕ, ಶಾಖ 20,000 ಡಿಗ್ರಿ ಆಸುಪಾಸು. ಈಗ ಮ್ಯಾಲಿಂದ ಇಳಕೋತ ಹೋಗೂಣು. ಒತ್ತಡ 10 ಲಕ್ಷ ಪಟ್ಟು ದಾಟೋ ಹೊತ್ತಿಗೆ ಹೈಡ್ರೋಜನ್ ತನ್ನ ಸ್ವಭಾವಾನೇ ಬದಲು ಮಾಡ್ತೈತಿ. ಜೋಡಿ ಜೋಡಿ ಇದ್ದ ಪರಮಾಣು ಬಿಡಿಬಿಡಿ ಆಗಿ, ಅದರ ಎಲೆಕ್ಟ್ರಾನ್ ಒಂದು ಕಡೆ ನಿಂದರದ ಎಲ್ಲಾ ಕಡೆ ಓಡಾಡಾಕ ಹತ್ತತಾವ. ಎಲೆಕ್ಟ್ರಾನ್ ಹಿಂಗ ಓಡಾಡೋ ವಸ್ತುವಿಗೆ ನಾವು ಲೋಹ ಅಂತೀವಿ. 1935ರಾಗೇ ವಿಗ್ನರ್ ಮತ್ತ ಹಂಟಿಂಗ್ಟನ್ ಅನ್ನೋ ಇಬ್ಬರು, ಹೈಡ್ರೋಜನ್ ಅಮುಕಿದ್ರ ಲೋಹ ಆಗ್ತೈತಿ ಅಂತ ಲೆಕ್ಕ ಹಾಕಿ ಹೇಳಿದ್ರು.

ಹೀಲಿಯಂ ಮಾತ್ರ ಇಂಥಾದ್ದಕ್ಕ ಬಗ್ಗೂದಿಲ್ಲ. ಅದರ ಹತ್ರ ಎರಡೇ ಎಲೆಕ್ಟ್ರಾನ್, ಆ ಎರಡನ್ನೂ ಮುಷ್ಟಿ ಬಿಗಿ ಹಿಡದಂಗ ಹಿಡದೈತಿ. ಹೈಡ್ರೋಜನ್ನಿನ ಎಲೆಕ್ಟ್ರಾನ್ ಕಿತ್ತಬೇಕಂದ್ರ 13.6 ಎಲೆಕ್ಟ್ರಾನ್ ವೋಲ್ಟ್ (ಇದು ಶಕ್ತಿ ಅಳಿಯೋ ಒಂದು ಅಳತಿ) ಸಾಕು, ಹೀಲಿಯಂಗೆ 24.6 ಬೇಕು, ಎಲ್ಲಾ ಧಾತುಗಳ ಒಳಗ ಇದೇ ಹೆಚ್ಚಿಂದು. ಹಿಂಗಾಗಿ ಸುತ್ತಲಿನ ಹೈಡ್ರೋಜನ್ ಎಲ್ಲಾ ಲೋಹ ಆಗಿ ಎಲೆಕ್ಟ್ರಾನ್ ಹರದಾಡಾಕ ಹತ್ತಿದ್ರೂ ಹೀಲಿಯಂ ತಂದು ತಾ ಹಿಡಕೊಂಡು ಕುಂತಿರ್ತೈತಿ. ರಂಟಿ ಹೊಡಿಯೋ ಹೊಲದಾಗ ಅಲ್ಲೊಂದು ಇಲ್ಲೊಂದು ಬಂಡಿಗಲ್ಲು ಇದ್ದಂಗ. ಎತ್ತು ಪ್ರತಿ ಸಲ ಅದನ್ನ ಸುತ್ತಿ ಹೋಗಬೇಕು, ಮನಶ್ಯಾಗೂ ತ್ರಾಸು, ಎತ್ತಿಗೂ ತ್ರಾಸು. ಕಲ್ಲು ಎಲ್ಲಾ ಆರಿಸಿ ಬದುವಿಗೆ ಒಂದು ಗುಂಪಿ ಹಾಕಿದ್ರ ಹೊಲ ಹಸನ ಆಗ್ತೈತಿ ನೋಡು, ಹಂಗ ಹೀಲಿಯಂ ಒಂದು ಕಡೆ ಗುಂಪು ಕೂಡಿದ್ರ ಓಡಾಡೋ ಎಲೆಕ್ಟ್ರಾನ್‌ಗಳಿಗೆ ತ್ರಾಸು ಕಡಿಮಿ, ಒಟ್ಟು ಶಕ್ತಿ ಖರ್ಚೂ ಕಡಿಮಿ. ಆ ಗುಂಪೇ ಹನಿ. ಹನಿ ಸುತ್ತಲಿನ ಹೈಡ್ರೋಜನ್ನಿಗಿಂತ ಭಾರ, ಅದಕ್ಕ ಕೆಳಗ ಇಳೀತೈತಿ.

ಇದನ್ನ ತಡಿಯೋದು ಶಾಖ. ಸಕ್ರಿ ಪಾಕ ಕುದಿಯೂಮುಂದ ಎಷ್ಟು ಸಕ್ರಿ ಹಾಕಿದ್ರೂ ಕರಗ್ತೈತಿ, ಆರಿದ ಮ್ಯಾಲ ಬೋಗಾಣಿ ಅಂಚಿಗೆ ಹಳ್ಳು ಕಟ್ಟತೈತಿ. ಹಂಗ ಶಾಖ ಹೆಚ್ಚಿದ್ದಾಗ ಹೈಡ್ರೋಜನ್ ಹೀಲಿಯಂ ಎರಡೂ ಬೆರತಿರ್ತಾವ, ಗ್ರಹ ಆರಕೋತ ಬಂದಂಗ ಹೀಲಿಯಂ ಬ್ಯಾರೆ ಆಗ್ತೈತಿ. ಶನಿ ಗುರುವಿಗಿಂತ ಸಣ್ಣದು, ಲಗೂ ಆರತೈತಿ, ಅದಕ್ಕ ಶನಿಯಾಗ ಈ ಮಳಿ ಮೊದಲು ಶುರು ಆಗಿರಬೇಕು, ಜೋರೂ ಇರಬೇಕು.

ಮತ್ತ ಬಿದ್ದ ಹನಿ ಎಲ್ಲಿ ಹೋಗ್ತೈತಿ ಅಂತ ನೀ ಮುಂದ ಕೇಳಾಕಿ, ಗೊತ್ತೈತಿ ನನಗ. ಮೇ ತಿಂಗಳ ಸಂಜಿಮುಂದ ಮಾಳಿಗಿ ಮ್ಯಾಲ ನಿಂತು ಪಡುವಣ ಕಡೆ ನೋಡಿದ್ದೀಯೇನು? ಕರೀ ಮೋಡ ಕಟ್ಟಿರ್ತೈತಿ, ಮೋಡದಿಂದ ಮಳಿ ಕಾಲು ಜೋತು ಬಿದ್ದದ್ದು ಸ್ವಚ್ಛ ಕಾಣ್ತೈತಿ, ತಂಪು ಗಾಳಿ ಬೀಸ್ತೈತಿ, ಮಣ್ಣಿನ ವಾಸನಿ ಬಂದಂಗ ಆಗ್ತೈತಿ, ಅಂಗಳಕ್ಕ ಮಾತ್ರ ಒಂದು ಹನಿ ಬೀಳಂಗಿಲ್ಲ. ನಡುವಿನ ಬಿಸಿ ಒಣ ಗಾಳಿಯಾಗ ಹನಿ ಆರಿ ಹೋಗಿರ್ತೈತಿ. ಗುರು ಗ್ರಹದಾಗೂ ಹಂಗೇ, ಹನಿ ಕೆಳಗ ಇಳಿದಂಗೆಲ್ಲಾ ಇನ್ನೂ ಬಿಸಿ ಪದರ ಬರ್ತೈತಿ, ಅಲ್ಲಿ ಮತ್ತ ಹೈಡ್ರೋಜನ್ನಿನ್ಯಾಗ ಕರಗಿ ಹೋಗ್ತೈತಿ. ಮ್ಯಾಲಿನ ಪದರದಾಗ ಹೀಲಿಯಂ ಕಡಿಮಿ, ಕೆಳಗಿನ ಪದರದಾಗ ಹೆಚ್ಚು, ಇಷ್ಟು ಫರಕು ಉಳೀತೈತಿ. ಇದನ್ನ ಕ್ಲಾಸಿನ್ಯಾಗ ಓದಿ ಹೇಳು.

ಬೆಳಗಾವಿ ಫೌಂಡ್ರಿಯಾಗ ಕೆಲಸ ಮಾಡೋರು ಒಬ್ಬರು: ಸರ್, ನಾನು 20 ವರ್ಷ ಬೀಡ (ಎರಕದ ಕಬ್ಬಿಣ) ಕರಗಸಾಕತ್ತೀನಿ. ಹೈಡ್ರೋಜನ್ ಲೋಹ ಅಂತ ಬರದೀರಿ, ಲೋಹ ಅಂದ ಮ್ಯಾಲ ಗಟ್ಟಿ ಇರಬೇಕಲ್ರಿ? ಗಟ್ಟಿ ಲೋಹದಾಗ ಹನಿ ಬೀಳೋದು ಹೆಂಗ?

ಉತ್ತರ: ಅಣ್ಣಾವ್ರ, ಇದಕ್ಕ ಉತ್ತರ ನೀವು ದಿನಾ ನಿಮ್ಮ ಕಣ್ಣಿಲೆ ನೋಡ್ತೀರಿ. ಲ್ಯಾಡಲ್ಲಿನ್ಯಾಗ 1,400 ಡಿಗ್ರಿಯಾಗಿನ ಬೀಡ ನೀರಿನಂಗ ತುಳುಕ್ತೈತಿ, ಆದ್ರೂ ಅದು ಲೋಹಾನೇ. ಗುರು ಗ್ರಹದ ಹೈಡ್ರೋಜನ್ನೂ ಹಂಗೇ ಹರಿಯೋ ಲೋಹ. 1996ರಾಗ ಅಮೆರಿಕದ ಲಿವರ್ಮೋರ್ ಪ್ರಯೋಗಾಲಯದಾಗ ದ್ರವ ಹೈಡ್ರೋಜನ್ನಿಗೆ ಜೋರ್ ಆಘಾತ ಕೊಟ್ಟು, ಸುಮಾರು 14 ಲಕ್ಷ ಪಟ್ಟು ಒತ್ತಡದಾಗ ಅದು ಲೋಹದಂಗ ಕರೆಂಟ್ ಹರಿಸ್ತೈತಿ ಅಂತ ಅಳದು ತೋರಿಸ್ಯಾರ.

ಒಂದು ಸಲ ನಿಮ್ಮಂಥವರು ಒಬ್ಬರ ಜೋಡಿ ಫೌಂಡ್ರಿ ಒಳಗ ಹೋಗಿದ್ದೆ. ಕುಲುಮಿಯಿಂದ ಲ್ಯಾಡಲ್ಲಿಗೆ ಬೀಡ ಹೊಯ್ದಾಗ ಮ್ಯಾಲ ಒಂದು ಕರೀ ಕೆನಿಯಂಗ ಸ್ಲ್ಯಾಗ್, ಅಂದ್ರ ಕರಗಿದ ಕಸ, ತೇಲಿ ಬಂತು, ಅವರು ಉದ್ದನ್ನ ಸಲಾಕಿಲೆ ಅದನ್ನ ಒಂದು ಅಂಚಿಗೆ ಎಳದು ತಗದ್ರು, ಕೆಳಗ ಕಣ್ಣು ಕುಕ್ಕುವಂಥಾ ಬೀಡ ಕಾಣಿಸ್ತು. ಬೀಡೂ ಕರಗೈತಿ, ಸ್ಲ್ಯಾಗೂ ಕರಗೈತಿ, ಎರಡೂ ಒಂದೇ ಕುಲುಮ್ಯಾಗ ಅದಾವ, ಆದ್ರೂ ಬೆರಿಯಂಗಿಲ್ಲ. ಯಾಕಂದ್ರ ಬೀಡಿನ್ಯಾಗ ಎಲೆಕ್ಟ್ರಾನ್ ಹರದಾಡ್ತಾವ, ಸ್ಲ್ಯಾಗಿನ್ಯಾಗ ಅವು ಕಟ್ಟಿ ಹಾಕಿದಂಗ ಅದಾವ. ಹೈಡ್ರೋಜನ್, ಹೀಲಿಯಂ ಕಥಿ ಇದೇ, ಫರಕು ಇಷ್ಟೇ, ನಿಮ್ಮಲ್ಲಿ ಬೆರಿಯಲಾರದ್ದು ಹಗುರ, ಮ್ಯಾಲ ತೇಲ್ತೈತಿ, ಅಲ್ಲಿ ಬೆರಿಯಲಾರದ್ದು ಭಾರ, ಕೆಳಗ ಬೀಳ್ತೈತಿ.

ಮುಧೋಳದಿಂದ ಒಬ್ಬ ಟೀಚರ್: ಅಲ್ಲಿಗೆ ಯಾರೂ ಹೋಗಿಲ್ಲ, ಹೋಗಾಕೂ ಆಗೂದಿಲ್ಲ. ಹಂಗಿದ್ರ ಇದೆಲ್ಲಾ ಲೆಕ್ಕದ ಕಥಿ ಅಷ್ಟೇ ಅಲ್ರಿ? ಮಕ್ಕಳು ಕೇಳಿದ್ರ ಪುರಾವೆ ಏನು ಅಂತ ಹೇಳಬೇಕು?

ಉತ್ತರ: ಮೇಡಂ, ಮನುಷ್ಯಾರು ಹೋಗಿಲ್ಲ, ಆದ್ರ ಒಂದು ಯಂತ್ರ ಇಳದೈತಿ. 1995ರ ಡಿಸೆಂಬರ್ 7ಕ್ಕ ಗೆಲಿಲಿಯೋ ನೌಕೆಯಿಂದ ಬಿಟ್ಟ ಒಂದು ಶೋಧಕ ಗುರು ಗ್ರಹದ ಗಾಳಿಯಾಗ ಪ್ಯಾರಾಶೂಟ್ ಕಟ್ಟಿಕೊಂಡು ಇಳೀತು, 58 ನಿಮಿಷ ಮಾಹಿತಿ ಕಳಿಸ್ತು, ಒತ್ತಡ 22 ಪಟ್ಟು ಆಸುಪಾಸು ಆದ ಮ್ಯಾಲ ಬಿಸಿಗೆ ಸುಮ್ಮನಾತು. ಅದು ಇಳದದ್ದು ಸುಮಾರು 150 ಕಿಲೋಮೀಟರ್. ಗುರು ಗ್ರಹದ ನಡುವಿನ ತನಕ 70,000 ಕಿಲೋಮೀಟರ್ ಐತಿ. ಉಳ್ಳಾಗಡ್ಡಿ ಮ್ಯಾಲಿನ ಒಣ ಸಿಪ್ಪಿ ಇರ್ತೈತಲ್ರಿ, ಅದನ್ನೂ ಪೂರಾ ದಾಟಿಲ್ಲ ಅನ್ನಬೇಕು. ಆದ್ರೂ ಅಷ್ಟರಾಗ ಎರಡು ದೊಡ್ಡ ಸುಳಿವು ಕೊಟ್ಟು ಹೋತು.

ಮೊದಲನೇದು, ಸೂರ್ಯ ಹುಟ್ಟಿದ ಮೋಡದಾಗ ಹೈಡ್ರೋಜನ್ ಹೀಲಿಯಂ ಕೂಡಿ 100 ಗ್ರಾಂ ಇದ್ರ ಅದರಾಗ 27-28 ಗ್ರಾಂ ಹೀಲಿಯಂ ಇತ್ತು ಅಂತ ಲೆಕ್ಕ. ಗುರುವೂ ಅದೇ ಮೋಡದಿಂದ ಹುಟ್ಟಿದ್ದು, ಆದ್ರ ಶೋಧಕ ಅಳದಾಗ ಸಿಕ್ಕದ್ದು ಸುಮಾರು 24 ಗ್ರಾಂ. ಉಳದದ್ದು ಎಲ್ಲಿ ಹೋತು? ಹೀಲಿಯಂ ಯಾರ ಜೋಡೀನೂ ಕೂಡೂದಿಲ್ಲ, ಸುಟ್ಟು ಹೋಗೂದಿಲ್ಲ, ಗುರುವಿನಂಥಾ ಗ್ರಹ ಬಿಟ್ಟು ಓಡಿ ಹೋಗಾಕೂ ಬರೂದಿಲ್ಲ, ಕೆಳಗ ಇಳಿದಿರಬೇಕು.

ಎರಡನೇದು ನನಗ ಭಾಳ ಸೇರಿದ್ದು. ನಿಯಾನ್ ಅನ್ನೋ ಗ್ಯಾಸು ಸೂರ್ಯನಾಗ ಇರೋ ಪ್ರಮಾಣದ ಹತ್ತನೇ ಒಂದು ಪಾಲು ಅಷ್ಟೇ ಗುರುವಿನ ಗಾಳಿಯಾಗ ಸಿಕ್ತು. ಮೊದಲು ಯಾರಿಗೂ ಬಗೀ ಹರೀಲಿಲ್ಲ, ಯಾಕಂದ್ರ ಅದರ ಜಾತಿದೇ ಆದ ಆರ್ಗಾನ್ ಬೇಕಾದಷ್ಟು ಐತಿ. ಆಮ್ಯಾಲ ಲೆಕ್ಕ ಹಾಕಿ ನೋಡಿದ್ರ ನಿಯಾನಿಗೆ ಲೋಹ ಹೈಡ್ರೋಜನ್ನಿಗಿಂತ ಹೀಲಿಯಂ ಹನಿಯಾಗ ಕರಗೋದು ಹಿತ, ಆರ್ಗಾನಿಗೆ ಹಂಗಿಲ್ಲ. ಅಂದ್ರ ಹೀಲಿಯಂ ಹನಿ ಬೀಳೂಮುಂದ ನಿಯಾನನ್ನೂ ಜೋಡಿ ಕರಕೊಂಡು ಹೋಗೈತಿ. ಮಳಿ ನಾವು ನೋಡಿಲ್ಲ, ಆದ್ರ ಮಳಿ ತೊಳಕೊಂಡು ಹೋದ ಜಾಗಾ ನೋಡೀವಿ. ಮಕ್ಕಳಿಗೆ ಇದನ್ನ ಮೊದಲು ಹೇಳ್ರಿ ಮೇಡಂ, ಲಗೂ ಹತ್ತತೈತಿ.

ಇನ್ನೊಂದು ಸುಳಿವು ಶನಿಯಿಂದ. ಶನಿ ಸೂರ್ಯನಿಂದ ತಗೊಳ್ಳೋ ಶಾಖಕ್ಕಿಂತ ಹೆಚ್ಚು ಶಾಖ ಹೊರಗ ಬಿಡ್ತೈತಿ. ಹುಟ್ಟಿದಾಗಿನ ಬಿಸಿ ಸುಮ್ಮನ ಆರಕೋತ ಬಂದಿದ್ರ 450 ಕೋಟಿ ವರ್ಷಕ್ಕ ಇಷ್ಟು ಬಿಸಿ ಉಳೀಬಾರದಾಗಿತ್ತು, ಲೆಕ್ಕದ ಪ್ರಕಾರ ಅದರ ಅರ್ಧ ವಯಸ್ಸಿನ್ಯಾಗೇ ಈಗಿನಷ್ಟು ಆರಿರಬೇಕು. ಹಂಗಾರ ಉಳದ ಶಾಖ ಎಲ್ಲಿಂದ ಬಂತು? ಗೋಕಾಕ ಫಾಲ್ಸಿನ್ಯಾಗ ಘಟಪ್ರಭಾ ನೀರು ಮ್ಯಾಲಿಂದ ಬೀಳ್ತೈತಿ, ಬೀಳೋ ನೀರಿನ ಶಕ್ತಿಯಿಂದ ಕರೆಂಟ್ ತಗೀತೀವಿ. ಶನಿಯಾಗ ಸಾವಿರಾರು ಕಿಲೋಮೀಟರ್ ಆಳಕ್ಕ ಹೀಲಿಯಂ ಬೀಳ್ತೈತಿ, ಆ ಬೀಳೋ ಶಕ್ತಿ ತಿಕ್ಕಾಟದಾಗ ಶಾಖ ಆಗ್ತೈತಿ. 1970ರ ದಶಕದಾಗ ಸಾಲ್ಪೀಟರ್, ಆಮ್ಯಾಲ ಸ್ಟೀವನ್ಸನ್ ಅನ್ನೋ ವಿಜ್ಞಾನಿಗಳು ಈ ವಿಚಾರ ಹಿಡದು ಕೆಲಸ ಮಾಡಿದ್ರು, ಆಗ ಯಾವ ಯಂತ್ರಾನೂ ಗುರುವಿನ ಒಳಗ ಇಳದಿರಲಿಲ್ಲ.

ಪ್ರಯೋಗಾನೂ ಆಗೈತಿ. ಫ್ರಾನ್ಸ್, ಅಮೆರಿಕದ ವಿಜ್ಞಾನಿಗಳು ಕೂಡಿ ಎರಡು ವಜ್ರದ ತುದಿ ನಡುವ ಹೈಡ್ರೋಜನ್ ಹೀಲಿಯಂ ಮಿಶ್ರಣ ಇಟ್ಟು, ಮೊದಲು 40,000 ಪಟ್ಟು ಒತ್ತಿ, ಆಮ್ಯಾಲ ರಾಚೆಸ್ಟರ್‌ನ ಒಮೆಗಾ ಅನ್ನೋ ದೊಡ್ಡ ಲೇಸರ್‌ನಿಂದ ಹೊಡದು, 6 ಲಕ್ಷದಿಂದ 18 ಲಕ್ಷ ಪಟ್ಟು ಒತ್ತಡಕ್ಕ ಒಯ್ದರು. ಒಂದು ಸೆಕೆಂಡಿನ ಕೋಟಿ ಪಾಲಿಗಿಂತ ಕಡಿಮಿ ಹೊತ್ತು ಅಷ್ಟೇ ಸಿಗ್ತೈತಿ, ಅಷ್ಟರಾಗ ಅದರ ಮ್ಯಾಲ ಬೆಳಕು ಬಿಟ್ಟು ಎಷ್ಟು ಹೊಳೀತೈತಿ ಅಂತ ನೋಡಬೇಕು. ಆ ಹೊಳಪು ಒಮ್ಮೆಲೇ ಜಿಗದದ್ದು ಕಂಡಿತು, ಎರಡೂ ಬ್ಯಾರೆ ಆದ ಗುರುತು ಅದು. 2021ರಾಗ ಪ್ರಕಟ ಮಾಡಿದ್ರು. ಆದ್ರ ಮೇಡಂ, ಒಂದು ಮಾತು ಮುಚ್ಚಿಡಬಾರದು, ಈ ಪ್ರಯೋಗದಾಗ ಬ್ಯಾರೆ ಆದ ಶಾಖ ಕಂಪ್ಯೂಟರ್ ಲೆಕ್ಕದಾಗ ಬಂದದ್ದಕ್ಕಿಂತ ಭಾಳ ಹೆಚ್ಚೈತಿ. ಶನಿ ಬಗ್ಗೆ ಅಷ್ಟು ತಕರಾರು ಇಲ್ಲ, ಗುರುವಿನ್ಯಾಗ ಮಳಿ ಎಷ್ಟು ಜಾಗಾದಾಗ ಬೀಳ್ತೈತಿ ಅನ್ನೋದು ಇನ್ನೂ ಚರ್ಚೆಯಾಗ ಐತಿ. ಮಕ್ಕಳಿಗೆ ಇದನ್ನೂ ಹೇಳ್ರಿ, ವಿಜ್ಞಾನ ಇನ್ನೂ ನಡದೈತಿ ಅಂತ ಗೊತ್ತಾಗಲಿ.

ಜಮಖಂಡಿಯಿಂದ ಒಬ್ಬ ಹಿರಿಯರು: ಹೀಲಿಯಂ ಕಂಡು ಹಿಡದದ್ದು ನಮ್ಮ ಊರಾಗ ಅಂತ ನಮ್ಮ ಅಜ್ಜ ಹೇಳ್ತಿದ್ದರು. ಖರೇನೋ, ಬರೇ ಮಾತೋ?

ಉತ್ತರ: ಕಾಕಾ, ಅಜ್ಜಾರ ಮಾತಿನ್ಯಾಗ ದೊಡ್ಡ ಸತ್ಯ ಐತಿ, ಪೂರಾ ಹೇಳ್ತೀನಿ ಕೇಳ್ರಿ. 1868ರ ಆಗಸ್ಟ್ 18ಕ್ಕ ಪೂರ್ಣ ಸೂರ್ಯಗ್ರಹಣ ಆತು, ಅದರ ನೆರಳು ನಮ್ಮ ಸೀಮಿ ಮ್ಯಾಲ ಹಾದು ಗುಂಟೂರು, ಮಚಲಿಪಟ್ಟಣದ ಕಡೆ ಹೋತು. ಲಂಡನ್ನಿನ ರಾಯಲ್ ಸೊಸೈಟಿ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಶೆಲ್ ಅನ್ನೋರು ದುರ್ಬೀನು, ಮತ್ತ ಬೆಳಕನ್ನ ಬಣ್ಣದ ಗೆರಿ ಆಗಿ ಒಡದು ಅದರಾಗ ಯಾವ ಧಾತು ಐತಿ ಅಂತ ತೋರಿಸೋ ವರ್ಣದರ್ಶಕ ತಗೊಂಡು ಬಂದು ನಿಂತದ್ದು ಜಮಖಂಡಿಯಾಗ. ಯುರೇನಸ್ ಗ್ರಹ ಕಂಡು ಹಿಡದ ವಿಲಿಯಂ ಹರ್ಶೆಲ್ ಅವರ ಮೊಮ್ಮಗ ಇವರು. ಆಗಸ್ಟ್ ಅಂದ್ರ ನಿಮಗ ಗೊತ್ತಲ್ಲ, ಮಳಿಗಾಲ, ಮೋಡ ಅಡ್ಡ ಬಂದು ಕಾಡಿಸ್ತು. ಮೋಡ ಸರದ ಹೊತ್ತಿನ್ಯಾಗ ಸೂರ್ಯನ ಅಂಚಿಗೆ ಎದ್ದ ಜ್ವಾಲಿ ಬೆಳಕು ಒಡದು ನೋಡಿದ್ರ ಮೂರು ಗೆರಿ: ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ. ಅದೇ ದಿನ ವಿಜಯಪುರದಾಗ ಕ್ಯಾಪ್ಟನ್ ಹೇಗ್ ಅನ್ನೋರು ನೋಡಿ ಎರಡು ಪಟ್ಟಿ ಬರಕೊಂಡ್ರು, ಒಂದು ಕೆಂಗುಲಾಬಿ, ಇನ್ನೊಂದು ತಿಳಿ ಬಂಗಾರದ ಬಣ್ಣ.

ಆ ಬಂಗಾರದ ಗೆರಿ, ಹರ್ಶೆಲ್ ಕಂಡ ಕಿತ್ತಳೆ ಗೆರಿ, ಅದೇ ಹೀಲಿಯಂ. ಆದ್ರ ಅವತ್ತು ಅದನ್ನ ಗುರುತು ಹಿಡಿಯಾಕ ಆಗಲಿಲ್ಲ, ಉಪ್ಪಿನ್ಯಾಗಿನ ಸೋಡಿಯಂ ಕೊಡೋ ಹಳದಿ ಗೆರಿ ಅದರ ಬಾಜೂಕ್ಕೇ ಬರ್ತೈತಿ, ಅದೇ ಇರಬೇಕು ಅಂದ್ಕೊಂಡ್ರು. ಅದೇ ವರ್ಷ ಅಕ್ಟೋಬರ್ 20ಕ್ಕ ಇಂಗ್ಲೆಂಡಿನ್ಯಾಗ ಲಾಕಿಯರ್ ಅನ್ನೋ ಖಗೋಳ ವಿಜ್ಞಾನಿ ಗ್ರಹಣ ಇಲ್ಲದನ ಆ ಜ್ವಾಲಿ ನೋಡಿ, ಗೆರಿ ಸೋಡಿಯಂದಲ್ಲ, ಸ್ವಲ್ಪ ಸರದೈತಿ ಅಂತ ಅಳದರು. ಹೊಸ ಧಾತು ಇರಬೇಕು ಅಂತ ಗ್ರೀಕ್ ಭಾಷೆಯ ಸೂರ್ಯನ ಹೆಸರು ಇಟ್ಟರು. ಭೂಮಿ ಮ್ಯಾಲ ಅದು ಕೈಗೆ ಸಿಕ್ಕದ್ದು 1895ರಾಗ, ರ‍್ಯಾಮ್ಸೆ ಅನ್ನೋ ರಸಾಯನ ವಿಜ್ಞಾನಿ ಒಂದು ಯುರೇನಿಯಂ ಖನಿಜ ಆಸಿಡ್ಡಿನ್ಯಾಗ ಕಾಸಿದಾಗ. ಹಿಂಗಾಗಿ ಕಂಡು ಹಿಡದದ್ದು ಜಮಖಂಡಿಯಾಗ ಅನ್ನಾಕ ಬರೂದಿಲ್ಲ ಕಾಕಾ, ಆದ್ರ ಮೊದಲ ಸಲ ಆ ಬೆಳಕು ಕಂಡವರ ಪೈಕಿ ಒಬ್ಬರು ನಿಮ್ಮ ಊರ ಮಣ್ಣಿನ ಮ್ಯಾಲ ನಿಂತಿದ್ರು ಅಂತ ಎದಿ ಉಬ್ಬಿಸಿ ಹೇಳ್ರಿ. ಅವರು ನಿಂತ ಜಾಗಾಕ್ಕ ಒಂದು ಸಣ್ಣ ಕಲ್ಲು ನೆಟ್ಟು ಇದಿಷ್ಟು ಬರಸಬೇಕು ಅಂತ ನನ್ನ ಮನಸಿನ್ಯಾಗ ಭಾಳ ದಿನದಿಂದ ಐತಿ, ಊರವರು ಕೂಡಿದ್ರ ಆಗಲಾರದ ಕೆಲಸ ಅಲ್ಲ.

ಗೋಕಾಕದಿಂದ ಒಬ್ಬ ಕೆಮಿಸ್ಟ್ರಿ ವಿದ್ಯಾರ್ಥಿ: ಅಷ್ಟು ಒತ್ತಡದಾಗೂ ಹೀಲಿಯಂ ಯಾರ ಜೋಡೀನೂ ಕೂಡೂದಿಲ್ಲೇನ್ರಿ? ತಾನೂ ಲೋಹ ಆಗೂದಿಲ್ಲೇನು?

ಉತ್ತರ: ಕೂಡ್ತೈತಿ ತಮ್ಮಾ, ಅಪರೂಪಕ್ಕ. 2017ರಾಗ ಸೋಡಿಯಂ ಜೋಡಿ ಹೀಲಿಯಂ ಕೂಡಿಸಿ ಸುಮಾರು 11 ಲಕ್ಷ ಪಟ್ಟು ಒತ್ತಡದ ಮ್ಯಾಲ ಒಂದು ಗಟ್ಟಿ ವಸ್ತು ಮಾಡ್ಯಾರ, ಎರಡು ಸೋಡಿಯಂಗೆ ಒಂದು ಹೀಲಿಯಂ. ಅದರಾಗೂ ಹೀಲಿಯಂ ತನ್ನ ಎಲೆಕ್ಟ್ರಾನ್ ಕೊಟ್ಟಿಲ್ಲ, ಸೋಡಿಯಂ ನಡುವಿನ ಸಂದಿಯಾಗ ಜಾಗಾ ಹಿಡದು ಕುಂತೈತಿ ಅಷ್ಟೇ. ಲೋಹ ಆಗೋದು ಅಂದ್ರ, ತಣ್ಣಗಿನ ಹೀಲಿಯಂ ಲೋಹ ಆಗಾಕ 30 ಕೋಟಿ ಪಟ್ಟಿಗಿಂತ ಹೆಚ್ಚು ಒತ್ತಡ ಬೇಕು ಅಂತ ಲೆಕ್ಕ ಹಾಕ್ಯಾರ, ಗುರುವಿನ ನಡುವೂ ಅಷ್ಟಿಲ್ಲ. ಆದ್ರ ಅಲ್ಲಿಯ ಸಾವಿರಾರು ಡಿಗ್ರಿ ಶಾಖ ಸಹಾಯಕ್ಕ ಬರ್ತೈತಿ, ಬಿಸಿ ಇದ್ದಾಗ ಭಾಳ ಕಡಿಮಿ ಒತ್ತಡದಾಗೇ ಕರೆಂಟ್ ಹರಿಸಾಕ ಹತ್ತತೈತಿ, ಹಂಗಾಗಿ ಗುರುವಿನ ತಳದಾಗಿನ ಹೀಲಿಯಂ ಲೋಹಕ್ಕ ಹತ್ರ ಬಂದಿರಬೇಕು. ನಿನ್ನಂಥವರು ಮುಂದ ಓದಿ ಇದರಾಗೇ ಕೆಲಸ ಮಾಡಬೇಕು ನೋಡು.

ಬಾಗಲಕೋಟೆಯಿಂದ ಒಬ್ಬ ಅವ್ವಾರು ಮೊಮ್ಮಗನ ಕೈಲೆ ಬರಸಿ ಕಳಿಸ್ಯಾರ: ಈ ಮಳಿ ಯಾವಾಗ ನಿಲ್ತೈತಿ? ನಿಂತ ಮ್ಯಾಲ ಶನಿಗೆ ಏನಾಗ್ತೈತಿ?

ಉತ್ತರ: ಅವ್ವಾರ, ಸದ್ಯಕ್ಕ ನಿಲ್ಲೂದಿಲ್ಲ, ಶನಿ ಆರಕೋತ ಹೋದಂಗ ಇನ್ನೂ ಹೆಚ್ಚು ಆಳದ ತನಕ ಬೀಳ್ತೈತಿ. ಮ್ಯಾಲ ಹೀಲಿಯಂ ಕಡಿಮಿ ಆಗಿ, ಕೆಳಗ ಭಾರ ಹೆಚ್ಚಾಗಿ, ನಡುವಿನ ಒಂದು ಪದರ ಕುದ್ದು ಮ್ಯಾಲ ಕೆಳಗ ಆಡಲಾರದಂಗ ಸುಮ್ಮನ ನಿಂತಿರಬೇಕು ಅಂತ ತಿಳದವರು ಹೇಳ್ತಾರ. ಅದಕ್ಕ ಗುರುತೂ ಐತಿ. ಭೂಮಿಯ ಆಯಸ್ಕಾಂತದ ಅಕ್ಷ ಅದು ತಿರುಗೋ ಅಕ್ಷಕ್ಕಿಂತ ಸುಮಾರು 10 ಡಿಗ್ರಿ ಓರೆ, ಗುರುವಿಂದೂ ಅಷ್ಟೇ, ಶನಿದು ಮಾತ್ರ ಒಂದು ಡಿಗ್ರಿಯ ನೂರನೇ ಪಾಲಿನಷ್ಟೂ ಓರೆ ಇಲ್ಲ. 2017ರ ಸೆಪ್ಟೆಂಬರ್ 15ಕ್ಕ ಶನಿಯೊಳಗ ಬಿದ್ದು ಮುಗದ ಕ್ಯಾಸಿನಿ ನೌಕೆ ಕಡೀ ಕಡೀ ಸುತ್ತಿನ್ಯಾಗ ಇದನ್ನ ಅಳದು ಕಳಿಸ್ತು. ಕೆಳಗಿನ ಲೋಹದಾಗ ಹುಟ್ಟೋ ಆಯಸ್ಕಾಂತದ ಓರೆಕೋರೆ ಎಲ್ಲಾ ಆ ನಿಂತ ಪದರ ಸವರಿ ನೆಟ್ಟಗ ಮಾಡ್ತೈತಿ ಅಂತ ಸ್ಟೀವನ್ಸನ್ ಅವರ ವಿವರಣೆ. ಬಿದ್ದ ಹೀಲಿಯಂ ನಡುವ ಎಲ್ಲೂ ಕರಗದನ ಶನಿಯ ತಿರುಳಿನ ತನಕ ಮುಟ್ಟಿ, ಅದರ ಸುತ್ತ ಕೆರಿ ನೀರು ನಿಂತಂಗ ಒಂದು ಹೀಲಿಯಂ ಪದರ ಕಟ್ಟಿರಬಹುದು ಅಂತ ಇನ್ನೊಂದು ಲೆಕ್ಕ ಹೇಳ್ತೈತಿ.